ರೀಸ್ಟಾರ್ಟ್ ಮಾಡೋ ಮುಂಚೆ ಒಂದು ಡಂಪ್ ತಗೊಳ್ಳಿ

ರಾತ್ರಿ ಎರಡು ಗಂಟೆಗೆ ಸರ್ವರ್ ಹ್ಯಾಂಗ್ ಆಯ್ತು ಅಂದ್ರೆ ಬೆಂಗಳೂರಾಗಲಿ, ನಾವಿರೋ ಕೋಲ್ಕತ್ತಾದ ಸೆಕ್ಟರ್ ಫೈವ್ ಆಗಲಿ, ಕಾಲ್‌ನಲ್ಲಿ ಮೊದಲು ಬರೋ ಮಾತು 'ರೀಸ್ಟಾರ್ಟ್ ಮಾಡ್ರಿ'. ಮಾಡಿದ್ರೆ ಸರ್ವರ್ ಏಳುತ್ತೆ, ಆದರೆ ಮೆಮೊರಿಯಲ್ಲಿದ್ದ ಸಾಕ್ಷಿ ಹೋಗುತ್ತೆ. ಲಾಗ್‌ನಲ್ಲಿ ಸಿಗೋದು ನಾವು ಮೊದಲೇ ಬರೆಸಿದ್ದು ಮಾತ್ರ. ಯಾವ ಥ್ರೆಡ್ ಯಾವ ಲಾಕ್‌ಗೆ ಕಾಯ್ತಿತ್ತು ಅನ್ನೋದು ಕೋರ್ ಡಂಪ್‌ನಲ್ಲಿರುತ್ತೆ.

'ಕೋರ್' ಅನ್ನೋ ಹೆಸರು ಬಂದಿದ್ದು ಹಳೇ ಮ್ಯಾಗ್ನೆಟಿಕ್ ಕೋರ್ ಮೆಮೊರಿಯಿಂದ: ಒಂದು ಫೆರೈಟ್ ಉಂಗುರಕ್ಕೆ ಒಂದು ಬಿಟ್. (ಇಲ್ಲೇ ಬಾರಾನಗರದ ಐಎಸ್ಐನಲ್ಲಿ 1956ರಲ್ಲಿದ್ದ ಎಚ್‌ಇಸಿ-2ಎಂ ಕಂಪ್ಯೂಟರ್‌ಗೆ ಅದೂ ಇರಲಿಲ್ಲ, ತಿರುಗೋ ಡ್ರಮ್ಮೇ ಮೆಮೊರಿ!)

ಲಿನಕ್ಸ್‌ನಲ್ಲಿ 'ಜಿಕೋರ್' ಕಮಾಂಡ್‌ಗೆ ಪ್ರೊಸೆಸ್ ಐಡಿ ಕೊಟ್ಟರೆ ಸಾಕು. ಪ್ರೊಸೆಸ್ಸನ್ನ ನಿಲ್ಲಿಸಿ, ಮೆಮೊರಿಯನ್ನ ಫೈಲ್‌ಗೆ ಬರೆದು, ಮತ್ತೆ ಓಡೋಕೆ ಬಿಡುತ್ತೆ. ತೊಂದರೆ ಇರೋದು ಆ ನಿಲ್ಲಿಸೋದರಲ್ಲೇ. 8 ಜಿಬಿ ಪ್ರೊಸೆಸ್ ಆದ್ರೆ ಫೈಲೂ ಹೆಚ್ಚುಕಮ್ಮಿ ಅಷ್ಟೇ ದೊಡ್ಡದಾಗಬಹುದು. ಅದನ್ನ ಬರೆಯೋವಾಗ ಹೆಲ್ತ್ ಚೆಕ್ ಫೇಲ್ ಆದ್ರೆ ಕುಬರ್ನೆಟೀಸೇ ಕಂಟೇನರ್ ಕೊಂದುಹಾಕುತ್ತೆ, ಅರ್ಧ ಡಂಪ್ ಕೈಗೆ ಬರುತ್ತೆ. ಅದಕ್ಕೇ ಮೊದಲು ಲೋಡ್ ಬ್ಯಾಲೆನ್ಸರ್‌ನಿಂದ ಆಚೆ ತೆಗೀರಿ, ಲೈವ್‌ನೆಸ್ ಚೆಕ್ ಸಡಿಲ ಮಾಡಿ, ಡಿಸ್ಕ್‌ನಲ್ಲಿ ಜಾಗ ನೋಡ್ಕೊಳ್ಳಿ.

ಜಾವಾದವರಿಗೆ 'ಜೆಮ್ಯಾಪ್' ಇದೆ. ಅದರಲ್ಲಿ 'ಲೈವ್' ಅಂತ ಕೊಟ್ರೆ ಬಳಕೆಯಲ್ಲಿಲ್ಲದ ಆಬ್ಜೆಕ್ಟ್‌ಗಳು ಡಂಪ್‌ಗೆ ಬರಲ್ಲ. ಬರೀ ಹ್ಯಾಂಗ್ ಆಗಿದ್ರೆ 'ಜೆಸ್ಟ್ಯಾಕ್' ಸಾಕು, ಅದು ಹಗುರ.

ಇನ್ನೊಂದು ಮಾತು: ಡಂಪ್‌ನಲ್ಲಿ ಪಾಸ್‌ವರ್ಡ್, ಟೋಕನ್, ಗ್ರಾಹಕರ ಪ್ಯಾನ್ ನಂಬರ್ ಎಲ್ಲಾ ಬಿಚ್ಚಿಟ್ಟ ಹಾಗೇ ಇರಬಹುದು. ಟಿಕೆಟ್‌ಗೆ ಅಟ್ಯಾಚ್ ಮಾಡ್ಬೇಡಿ, ವಾಟ್ಸಾಪ್ ಅಂತೂ ಬೇಡವೇ ಬೇಡ.