ನಾಯಿಯ ಬೂಷ್ಟು ರೋಗ: ರಕ್ತ ಪರೀಕ್ಷೆ ಯಾವಾಗ ಬೇಕು, ಯಾವಾಗ ಬೇಡ?

ಹೊಲ, ಕಣ, ಕೊಟ್ಟಿಗೆ ಕಾಯುವ ನಾಯಿ ರೈತನ ಮನೆಯ ಒಬ್ಬ ಆಳಿನಷ್ಟೇ ಕೆಲಸ ಮಾಡುತ್ತದೆ. ಹಸು ಮೇವು ಬಿಟ್ಟರೆ ಅಂದೇ ಪಶುವೈದ್ಯರನ್ನು ಕಾಣುವ ನಾವು ನಾಯಿಯ ಕೂದಲು ಉದುರಿದರೆ ಸುಟ್ಟ ಎಣ್ಣೆ ಹಚ್ಚಿ ಸುಮ್ಮನಾಗುತ್ತೇವೆ. ಇನ್ನು ಕೆಲವರು ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲವೂ ತಿಳಿಯುತ್ತದೆಂದು ನಂಬಿ ಹಣ ಕಳೆಯುತ್ತಾರೆ. ಎರಡೂ ಸರಿಯಲ್ಲ. ಯಾವ ಬೂಷ್ಟು ರೋಗವನ್ನು ರಕ್ತ ತೋರಿಸುತ್ತದೆ, ಯಾವುದನ್ನು ತೋರಿಸುವುದಿಲ್ಲ ಎಂಬುದನ್ನು ನೀವು ತಿಳಿದಿರುವುದು ಒಳ್ಳೆಯದು.

ಚರ್ಮದ ಬೂಷ್ಟಿಗೆ ರಕ್ತ ಬೇಡ

ನಾಯಿಯ ಮುಖ, ಕಿವಿ, ಕಾಲುಗಳ ಮೇಲೆ ದುಂಡಗೆ ಕೂದಲು ಉದುರಿ ಹೊಟ್ಟು ಕಾಣಿಸಿದರೆ ಅದು ಹುಳುಕಡ್ಡಿ ಇರಬಹುದು. ಹೆಸರಿನಲ್ಲಿ ಹುಳುವಿದ್ದರೂ ಇದು ಶಿಲೀಂಧ್ರದ ರೋಗ. ಈ ಶಿಲೀಂಧ್ರ ಕೂದಲು ಮತ್ತು ಚರ್ಮದ ಮೇಲ್ಪದರದಲ್ಲಿಯೇ ಬೆಳೆಯುವುದರಿಂದ ರಕ್ತದಲ್ಲಿ ಹುಡುಕಿ ಪ್ರಯೋಜನವಿಲ್ಲ. ಗಾಯದ ಅಂಚಿನಿಂದ ಕಿತ್ತ ಕೂದಲು ಮತ್ತು ಕೆರೆದ ಹೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು. ಬೆಳೆಸಿದ ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯಬಹುದು. ಈ ರೋಗ ಮಕ್ಕಳಿಗೂ ಅಂಟುತ್ತದೆ. ಆದ್ದರಿಂದ ನಾಯಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಮೂಗಿನ ಬೂಷ್ಟು

ಮಳೆಗೆ ನೆನೆದ ಹುಲ್ಲಿನ ಬಣವೆ, ಬೂಷ್ಟು ಹಿಡಿದ ಕಾಳು, ಗೊಬ್ಬರದ ಗುಂಡಿ, ಇವು ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರದ ತವರು. ಇದರ ಬೀಜಕಣಗಳನ್ನು ಎಲ್ಲ ನಾಯಿಗಳೂ ಉಸಿರಾಡುತ್ತವೆ. ಕೆಲವಕ್ಕೆ ಮಾತ್ರ, ಅದರಲ್ಲೂ ಉದ್ದ ಮೂತಿಯ ತಳಿಗಳಿಗೆ, ಮೂಗಿನಲ್ಲಿ ರೋಗ ನೆಲೆಸುತ್ತದೆ. ಸಾಮಾನ್ಯವಾಗಿ ಮೊದಲು ಒಂದು ಹೊಳ್ಳೆಯಿಂದ ಕೀವು, ರಕ್ತ ಸುರಿಯುತ್ತದೆ. ಹೊಳ್ಳೆಯ ಅಂಚು ಬಣ್ಣಗೆಟ್ಟು ಹುಣ್ಣಾಗುತ್ತದೆ. ಮೂತಿ ಮುಟ್ಟಿದರೆ ನಾಯಿ ನೋವಿನಿಂದ ಕುಂಯ್ ಎನ್ನುತ್ತದೆ.

ಆದರೆ ನಮ್ಮ ಹಳ್ಳಿಗಳಲ್ಲಿ ನಾಯಿಯ ಮೂಗಿನಿಂದ ರಕ್ತ ಬಂದರೆ ಉಣ್ಣೆಯಿಂದ ಹರಡುವ ಎರ್ಲಿಕಿಯೋಸಿಸ್ ರೋಗವನ್ನು ಮೊದಲು ಶಂಕಿಸಬೇಕು. ಅದಕ್ಕೆ ಮದ್ದೇ ಬೇರೆ. ಇಲ್ಲಿ ರಕ್ತ ಪರೀಕ್ಷೆ ತಪ್ಪದೆ ಬೇಕು. ರಕ್ತದ ಕಿರುಬಿಲ್ಲೆಗಳ ಎಣಿಕೆ ಕುಸಿದಿದ್ದರೆ ವೈದ್ಯರ ಗಮನ ಉಣ್ಣೆಯ ರೋಗದತ್ತ ತಿರುಗುತ್ತದೆ.

ಬೊಗಳಿದ ಸದ್ದು, ಬಿಟ್ಟುಹೋದ ಚಪ್ಪಲಿ

ಬೂಷ್ಟಿಗೆಂದು ಮಾಡುವ ರಕ್ತ ಪರೀಕ್ಷೆಗಳಲ್ಲಿ ಎರಡು ಬಗೆ. ಕಳ್ಳ ಬಂದಾಗ ನಾಯಿ ಬೊಗಳಿದ ಸದ್ದು ಒಂದು ಸುಳಿವು. ಕಳ್ಳ ಬಿಟ್ಟುಹೋದ ಚಪ್ಪಲಿ ಇನ್ನೊಂದು ಸುಳಿವು.

ಮೊದಲನೆಯದು ಪ್ರತಿಕಾಯ ಪರೀಕ್ಷೆ. ರೋಗದ ವಿರುದ್ಧ ದೇಹ ತಯಾರಿಸಿದ ವಸ್ತುವನ್ನು ಇದು ಹುಡುಕುತ್ತದೆ. ಮೂಗಿನ ಆಸ್ಪರ್ಜಿಲ್ಲಸ್ ರೋಗಕ್ಕೆ ಅಗಾರ್ ಜೆಲ್ ವಿಧಾನದ ಪರೀಕ್ಷೆಯಲ್ಲಿ 'ಇದೆ' ಎಂದು ಬಂದರೆ ಬಹುಮಟ್ಟಿಗೆ ನಂಬಬಹುದು. 'ಇಲ್ಲ' ಎಂದು ಬಂದರೆ ನಿಶ್ಚಿಂತೆ ಸಲ್ಲದು. ರೋಗವಿರುವ ನಾಯಿಗಳಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಹೆಚ್ಚು ಈ ಪರೀಕ್ಷೆಯ ಕಣ್ಣು ತಪ್ಪಿಸುತ್ತವೆ. ಆಗ ಮೂಗಿನೊಳಗೆ ನಳಿಕೆ ಹಾಕಿ ನೋಡಿ, ಚೂರು ಅಂಗಾಂಶ ತೆಗೆದು ಪರೀಕ್ಷಿಸಬೇಕಾಗುತ್ತದೆ.

ಎರಡನೆಯದು ಪ್ರತಿಜನಕ ಪರೀಕ್ಷೆ. ಇದು ಶಿಲೀಂಧ್ರದ್ದೇ ಅಂಶವನ್ನು ಹುಡುಕುತ್ತದೆ. ಆಸ್ಪರ್ಜಿಲ್ಲಸ್ ಗೋಡೆಯ ಗ್ಯಾಲಕ್ಟೊಮನ್ನನ್ ಎಂಬ ವಸ್ತುವಿನ ಪರೀಕ್ಷೆ ಮೂಗಿನ ರೋಗಕ್ಕೆ ಉಪಯೋಗವಿಲ್ಲ. ರೋಗ ಮೂಳೆ, ಮೂತ್ರಪಿಂಡ, ಬೆನ್ನುಹುರಿಗೆ ಹರಡಿದಾಗ ಅದು ಬಹಳ ನೆರವಾಗುತ್ತದೆ. ಹೀಗೆ ಹರಡುವುದು ಜರ್ಮನ್ ಶೆಫರ್ಡ್ ತಳಿಯಲ್ಲಿ ಹೆಚ್ಚು. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್‌ಗೆ ಪ್ರತಿಜನಕ ಪರೀಕ್ಷೆ ಇನ್ನೂ ನಂಬಿಕಸ್ಥವಾದುದು. ಚಿಕಿತ್ಸೆ ಹಿಡಿದಂತೆ ಅದರ ಮಟ್ಟ ಇಳಿಯುವುದರಿಂದ ಗುಣವಾಗುವುದನ್ನೂ ಅಳೆಯಬಹುದು.

ನೀವು ಮಾಡಬೇಕಾದುದು

1. ಮಣ್ಣು ಪರೀಕ್ಷೆಯ ಫಲ ಮಾದರಿ ತೆಗೆಯುವುದರಲ್ಲಿದೆ ಎಂಬುದನ್ನು ನೀವು ಬಲ್ಲಿರಿ. ಇಲ್ಲಿಯೂ ಹಾಗೆಯೇ. ರಕ್ತವನ್ನು ಪಶುವೈದ್ಯರೇ ತೆಗೆಯಲಿ. ಕಳಿಸುವುದು ನಿಮ್ಮ ಪಾಲಿಗೆ ಬಂದರೆ ತಂಪಾಗಿಡಿ, ಹೆಪ್ಪುಗಟ್ಟಿಸಬೇಡಿ.

2. ಯಾವಾಗಿನಿಂದ ರೋಗ, ಯಾವ ಹೊಳ್ಳೆ, ಉಣ್ಣೆ ಇತ್ತೇ, ಏನು ಮದ್ದು ಹಾಕಿದ್ದೀರಿ ಎಂಬುದನ್ನು ವೈದ್ಯರಿಗೆ ತಿಳಿಸಿ. ಈ ವಿವರಗಳಿಲ್ಲದೆ ಫಲಿತಾಂಶಕ್ಕೆ ಅರ್ಥವಿಲ್ಲ.

3. ಅಂಗಡಿಯಿಂದ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ತುರಿಕೆ ತಗ್ಗಿದಂತೆ ಕಂಡರೂ ಬೂಷ್ಟು ಹಬ್ಬುತ್ತದೆ.

4. ಒಳರೋಗಕ್ಕೆ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡಬೇಕಾಗಬಹುದು. ಇವುಗಳಲ್ಲಿ ಕೆಲವು ಯಕೃತ್ತಿಗೆ ತೊಂದರೆ ಮಾಡುತ್ತವೆ. ನಡುನಡುವೆ ಯಕೃತ್ತಿನ ರಕ್ತ ಪರೀಕ್ಷೆ ಮಾಡಿಸುವುದನ್ನು ಬಿಡಬೇಡಿ.

5. ಬೂಷ್ಟು ಹಿಡಿದ ಹುಲ್ಲಿನ ಮೇಲೆ ನಾಯಿಯನ್ನು ಮಲಗಿಸಬೇಡಿ. ಬಣವೆಯನ್ನು ಎತ್ತರದ ಜಾಗದಲ್ಲಿ ಒಟ್ಟಿ, ಮಳೆನೀರು ಒಳಗಿಳಿಯದಂತೆ ಹೊದಿಸಿ. ದನಗಳಿಗೂ ಇದರಿಂದ ಒಳ್ಳೆಯದೇ.

ಹತ್ತಿರದ ಪಶು ಆಸ್ಪತ್ರೆಯಲ್ಲಿ ರೋಗ ನಿರ್ಣಯವಾಗದಿದ್ದರೆ, ಅಲ್ಲಿನ ವೈದ್ಯರಿಂದ ಚೀಟಿ ಪಡೆದು ಹೆಬ್ಬಾಳ, ಬೀದರ್ ಮುಂತಾದ ಕಡೆಗಳಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ನಾಯಿಯನ್ನು ಕರೆದೊಯ್ಯಿರಿ. ಪರೀಕ್ಷೆಯ ಕಾಗದವೊಂದನ್ನೇ ನೋಡಿ ಮದ್ದು ಆರಂಭಿಸುವುದೂ ಬೇಡ, ನಿಲ್ಲಿಸುವುದೂ ಬೇಡ. ನಾಯಿಯನ್ನು ಕಣ್ಣಾರೆ ಕಂಡು, ಕಾಗದವನ್ನೂ ಓದಿದ ವೈದ್ಯರ ಮಾತಿನಂತೆ ನಡೆಯಿರಿ.