ಕಲಬುರಗಿ ಎಂಬ ಐದು ಅಕ್ಷರಗಳ ಪರಿವಾರ

ಗುಲ್ಬರ್ಗವು ಸರ್ಕಾರಿ ಕಾಗದಪತ್ರಗಳಲ್ಲಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಆ ಹೆಸರು ಗಣಕದ ತೆರೆಯ ಮೇಲೆ ಮೂಡಬೇಕಾದರೆ ಎಷ್ಟು ತಂತ್ರಾಂಶಗಳು ಒಂದನ್ನೊಂದು ಆಶ್ರಯಿಸಿ ದುಡಿಯಬೇಕೆಂಬುದನ್ನು ನಾವು ಸಾಮಾನ್ಯವಾಗಿ ಆಲೋಚಿಸುವುದಿಲ್ಲ. ಕಣ್ಣಿಗೆ ಐದಕ್ಷರವಾಗಿ ತೋರುವ ಕಲಬುರಗಿಯು ಯುನಿಕೋಡಿನ ಲೆಕ್ಕದಲ್ಲಿ ಏಳು ಸಂಕೇತಗಳು: ಕ, ಲ, ಬ, ಕೊಂಬು, ರ, ಗ, ಗುಡಿಸು. ಕಡೆಯ ಗಕಾರವನ್ನೂ ಗುಡಿಸನ್ನೂ ಬೆಸೆದು ಒಂದೇ ಆಕೃತಿಯಾಗಿ ನಿಲ್ಲಿಸುವುದು, 'ಕರ್ನಾಟಕ'ದಲ್ಲಿ ಮೊದಲು ಉಚ್ಚರಿಸಲ್ಪಟ್ಟರೂ ಬರಹದಲ್ಲಿ ನಕಾರದ ಬಲಕ್ಕೆ ಸರಿಯುವ ಅರ್ಕಾವತ್ತನ್ನು ಅದರ ಸ್ಥಾನದಲ್ಲಿಡುವುದು, ಇವೆಲ್ಲ ಲಿನಕ್ಸ್ ಗಣಕಗಳಲ್ಲಿ ಬಹುಮಟ್ಟಿಗೆ ಹಾರ್ಫ್‌ಬಜ್ ಎಂಬ ತಂತ್ರಾಂಶದ ಕಾರ್ಯ, ಆ ಆಕೃತಿಗಳನ್ನು ಒದಗಿಸುವುದು ಫಾಂಟು.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ, ಅದರ 12ನೆಯ ಆವೃತ್ತಿಯ ಹೊತ್ತಿಗೆ, ಇಂಥ ತಂತ್ರಾಂಶಗಳನ್ನೂ ಫಾಂಟುಗಳನ್ನೂ ಕಟ್ಟಿಟ್ಟ 64 ಸಾವಿರಕ್ಕೂ ಮಿಕ್ಕ ಪ್ಯಾಕೇಜುಗಳಿದ್ದವು. ಇವನ್ನು ಫಾಂಟ್ಸ್, ಲಿಬ್ಸ್, ಗೇಮ್ಸ್ ಮೊದಲಾದ ವಿಭಾಗಗಳಲ್ಲಿ ಹಂಚಿಟ್ಟಿದ್ದಾರೆ. ಈ ವರ್ಗೀಕರಣವು ಮುಖ್ಯವಾಗಿ ಹುಡುಕುವ ಮನುಷ್ಯನ ಅನುಕೂಲಕ್ಕಾಗಿ. ಕಿರಾಣಿ ಅಂಗಡಿಯಲ್ಲಿ ಕಡಲೆಬೇಳೆಯ ಡಬ್ಬಿ ಒಂದು ಕಡೆ, ಬೆಲ್ಲದ ಪೆಂಟೆ ಇನ್ನೊಂದು ಕಡೆ ಇರುವುದರಿಂದ ಹೋಳಿಗೆಯ ಹೂರಣಕ್ಕೆ ಎರಡೂ ಬೇಕೆಂಬುದು ಹೇಗೆ ತಿಳಿಯದೋ, ಹಾಗೆಯೇ ವಿಭಾಗದ ಹೆಸರಿನಿಂದ ಪ್ಯಾಕೇಜುಗಳ ಪರಸ್ಪರ ಸಂಬಂಧವು ತಿಳಿಯದು. ಅದನ್ನು ತಿಳಿಸುವುದು ಪ್ರತಿಯೊಂದು ಪ್ಯಾಕೇಜಿನೊಡನೆ ಬರುವ ಅವಲಂಬನೆಯ ಪಟ್ಟಿ.

ಅವಲಂಬನೆಯಲ್ಲಿಯೂ ತರತಮಗಳುಂಟು. 'ಡಿಪೆಂಡ್ಸ್' ಎಂದರೆ ಇಲ್ಲದೆ ನಡೆಯದು. 'ರೆಕಮೆಂಡ್ಸ್' ಎಂದರೆ ಇರುವುದು ಯುಕ್ತ. 'ಸಜೆಸ್ಟ್ಸ್' ಎಂದರೆ ಇದ್ದರೆ ಒಳಿತು. 'ಕಾನ್‌ಫ್ಲಿಕ್ಟ್ಸ್' ಇದ್ದವೆರಡು ಒಂದೇ ಯಂತ್ರದಲ್ಲಿ ಕೂಡಿ ಬಾಳವು. ತಾರ್ಕಿಕರು ದೋಷವೆಂದೆಣಿಸಿದ ಅನ್ಯೋನ್ಯಾಶ್ರಯವು ಸಹ ಇಲ್ಲಿ ಅಲ್ಲಲ್ಲಿ ಕಾಣುತ್ತದೆ, ವ್ಯವಸ್ಥೆ ಅದನ್ನು ಹೇಗೋ ಸಹಿಸಿಕೊಳ್ಳುತ್ತದೆ. ನನಗೆ ವಿನೋದವೆನಿಸಿದ್ದು ಬೇರೊಂದು: ಹಾರ್ಫ್‌ಬಜ್ಜನ್ನು ಬಳಸಿ ಸಾಲುಗಳನ್ನು ಜೋಡಿಸುವ ಪ್ಯಾಂಗೊ ಎಂಬುದು ಥಾಯ್ ಭಾಷೆಯ ಪದವಿಚ್ಛೇದಕ್ಕೆಂದಿರುವ ಲಿಬ್‌ಥಾಯ್ ಅನ್ನೂ ಅವಲಂಬಿಸಿರುವುದರಿಂದ, ಥಾಯ್ ಅಕ್ಷರವೊಂದನ್ನೂ ಕಾಣದ ಕಲಬುರಗಿಯ ಗಣಕದಲ್ಲಿಯೂ ಅದು ಬಂದು ಕುಳಿತಿರುತ್ತದೆ.

ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ್ದು 'ಫಾಂಟ್ಸ್-ಕೆಎನ್‌ಡಿಎ'. ಇದರೊಳಗೆ ಒಂದಕ್ಷರದ ಆಕೃತಿಯೂ ಇಲ್ಲ; ಗುಬ್ಬಿ, ನವಿಲು, ಲೋಹಿತ್ ಎಂಬ ಮೂರು ಫಾಂಟುಗಳನ್ನು ತನ್ನ ಅವಲಂಬನೆಗಳೆಂದು ಹೆಸರಿಸಿ ಕರೆತರುವುದಷ್ಟೇ ಇದರ ಕೆಲಸ. ಲೋಹಿತ್ ರುಚಿಸಲಿಲ್ಲವೆಂದು ಅದೊಂದನ್ನೇ ತೆಗೆದುಹಾಕಿದಿರೆನ್ನಿ. ಅವಲಂಬನೆಯು ಭಂಗವಾದುದರಿಂದ ಫಾಂಟ್ಸ್-ಕೆಎನ್‌ಡಿಎ ಕೂಡ ಹೊರಡುತ್ತದೆ. ಆಗ ಅದರ ನಿಮಿತ್ತವಾಗಿ ತಾವಾಗಿ ಬಂದಿದ್ದ ಗುಬ್ಬಿ ನವಿಲುಗಳು, ಬೇರಾವ ಪ್ಯಾಕೇಜೂ ಅವನ್ನು ಬೇಡದಿದ್ದಲ್ಲಿ, ನಿರುಪಯುಕ್ತವೆಂದು ಗಣಿಸಲ್ಪಟ್ಟು 'ಆಟೋರಿಮೂವ್' ಆಜ್ಞೆಗೆ ಅಳಿಸಿಹೋಗುತ್ತವೆ. ಅಳಿಸುವ ಮುನ್ನ ಯಂತ್ರವು ಪೂರ್ಣ ಪಟ್ಟಿಯನ್ನು ತೋರಿಸಿ ಅನುಮತಿ ಕೇಳುತ್ತದೆ. ವೈ ಒತ್ತುವ ಮೊದಲು ಅದನ್ನು ಕಡೆಯವರೆಗೂ ಓದಿರಿ.