ಶಿವನಸಮುದ್ರದ ಲೈನು, ಬೇತಮಂಗಲದ ಕೇಬಲ್ಲು

ಬೇತಮಂಗಲದ ಆಸುಪಾಸಿನಲ್ಲಿ ಟೊಮೆಟೊ, ಹಿಪ್ಪುನೇರಳೆ ಬೆಳೆಯುವ ರೈತರಿಗೆ ಬೇಸಿಗೆ ಬಂತೆಂದರೆ ನೀರಿನ ಚಿಂತೆಯ ಜೊತೆಗೆ ಮೋಟರಿನ ಚಿಂತೆ. ತ್ರೀ ಫೇಸ್ ಬಂದಿರುತ್ತದೆ, ಸ್ಟಾರ್ಟರ್ ಒತ್ತಿದರೆ ಮೋಟರು ಓಡುತ್ತದೆ, ನೀರು ಮಾತ್ರ ಸಣ್ಣಗೆ ಬರುತ್ತದೆ. ಮಾರನೆಯ ದಿನ ಅದೂ ಇಲ್ಲ. ಎತ್ತಿ ನೋಡಿದರೆ ಕಾಯಿಲ್ ಸುಟ್ಟಿದೆ. ಕೊಳವೆಬಾವಿಯ ಸಾವಿರ ಅಡಿ ಆಳದಿಂದ ಪೈಪು, ಕೇಬಲ್ಲು, ಮೋಟರು ಎಲ್ಲವನ್ನೂ ಮೇಲೆತ್ತಿ, ಕಾಯಿಲ್ ಕಟ್ಟಿಸಿ, ಮತ್ತೆ ಇಳಿಸುವಷ್ಟರಲ್ಲಿ ಬೆಳೆಯೂ ಬಾಡಿರುತ್ತದೆ, ಕೈಯೂ ಬರಿದಾಗಿರುತ್ತದೆ.

“ವೋಲ್ಟೇಜೇ ಇರಲಿಲ್ಲ” ಎಂದು ರೈತರು ಹೇಳುವುದು ನಿಜವೇ. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಹೊರಟ ವೋಲ್ಟೇಜು ದಾರಿಯಲ್ಲಿ ಎಲ್ಲಿ ಕಳೆದುಹೋಯಿತು ಎನ್ನುವುದು ಪ್ರಶ್ನೆ.

ಇದಕ್ಕೆ ಉತ್ತರ ಕಂಡುಕೊಂಡವರು ಜರ್ಮನಿಯ ಒಬ್ಬ ಶಾಲಾ ಮೇಷ್ಟ್ರು, ಜಾರ್ಜ್ ಸೈಮನ್ ಓಮ್. ಅವರ ಕಾಲದ ಬ್ಯಾಟರಿಗಳು ಕೊಡುತ್ತಿದ್ದ ವೋಲ್ಟೇಜು ಒಂದೇ ಸಮ ನಿಲ್ಲುತ್ತಿರಲಿಲ್ಲ. ಓಮ್ ಬ್ಯಾಟರಿಯನ್ನೇ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನ ಬಿಸಿಯಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟರು. ಹಾಗೆ ಸಿಕ್ಕಿದ ಸಣ್ಣ, ಆದರೆ ಸ್ಥಿರವಾದ ವಿದ್ಯುತ್ತನ್ನು ಬೇರೆ ಬೇರೆ ಉದ್ದದ ತಂತಿಗಳಲ್ಲಿ ಹರಿಸಿ ಅಳೆದರು. 1827ರಲ್ಲಿ ಪುಸ್ತಕವಾಗಿ ಬಂದ ಆ ಕೆಲಸಕ್ಕೆ ಮೊದಮೊದಲು ಸ್ವಂತ ದೇಶದಲ್ಲೇ ಮನ್ನಣೆ ಸಿಗಲಿಲ್ಲ; 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಅವರು ಕಂಡುಕೊಂಡ ನಿಯಮ ಒಂದೇ ಸಾಲಿನದು: ತಂತಿಯಲ್ಲಿ ಹರಿಯುವ ಕರೆಂಟನ್ನು ಅದರ ರೋಧದಿಂದ ಗುಣಿಸಿದರೆ ಅದರ ಎರಡು ತುದಿಗಳ ನಡುವಿನ ವೋಲ್ಟೇಜು ಸಿಗುತ್ತದೆ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ.

ಈ ಒಂದು ಸಾಲು ಎಷ್ಟು ದೊಡ್ಡದೆಂದು ಬೇತಮಂಗಲದ ಪಕ್ಕದ ಕೋಲಾರ ಚಿನ್ನದ ಗಣಿ ಕಂಡಿದೆ. ಕಾವೇರಿ ಧುಮುಕುವ ಶಿವನಸಮುದ್ರದಿಂದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಮುಂದಾಳತ್ವದಲ್ಲಿ ಅಷ್ಟು ದೂರಕ್ಕೆ ಲೈನು ಎಳೆಯುವ ಕೆಲಸ ಶುರುವಾಯಿತು. 1902ರ ಜೂನ್ 30ರಂದು ಗಣಿಗೆ ಕರೆಂಟು ಬಂದಾಗ ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ.

ಆ ಲೈನಿನ ವೋಲ್ಟೇಜು ಸುಮಾರು 30,000. ಅಷ್ಟು ಏಕೆ ಬೇಕಿತ್ತು? ಗಣಿಗೆ ಮೊದಲು ಕಳಿಸಿದ್ದು ಸುಮಾರು 4,000 ಅಶ್ವಶಕ್ತಿ, ಅಂದರೆ 3,000 ಕಿಲೋವ್ಯಾಟ್. ಲೆಕ್ಕ ಸುಲಭವಾಗಲೆಂದು 50 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಇಟ್ಟುಕೊಳ್ಳೋಣ. ಅಷ್ಟು ಉದ್ದಕ್ಕೆ ಅದರ ರೋಧ ಸುಮಾರು 50 ಓಮ್. 30,000 ವೋಲ್ಟಿನ ತ್ರೀ ಫೇಸ್ ಲೈನಿನಲ್ಲಿ ಈ ಶಕ್ತಿಗೆ ಒಂದೊಂದು ತಂತಿಯಲ್ಲಿ 58 ಆಂಪಿಯರ್ ಹರಿದರೆ ಸಾಕು. ದಾರಿಯಲ್ಲಿ ಪ್ರತಿ ತಂತಿಗೆ 2,900 ವೋಲ್ಟ್ ನಷ್ಟ. ಅದನ್ನು ತಡೆದುಕೊಳ್ಳಬಹುದು. ಅದೇ ಶಕ್ತಿಯನ್ನು 3,000 ವೋಲ್ಟಿನಲ್ಲಿ ಕಳಿಸಲು ಹೋದರೆ ಕರೆಂಟು ಹತ್ತು ಪಟ್ಟು ಬೇಕು, ತಂತಿಯೇ 29,000 ವೋಲ್ಟ್ ನುಂಗುತ್ತದೆ. ಇರುವುದೇ 3,000, ನುಂಗುವುದು 29,000! ಅಂದರೆ ಆ ತಂತಿಯಲ್ಲಿ ಅಷ್ಟು ಶಕ್ತಿ ಗಣಿಯನ್ನು ಮುಟ್ಟುವ ಮಾತೇ ಇಲ್ಲ. ಕರೆಂಟು ಹತ್ತು ಪಟ್ಟಾದರೆ ಶಾಖವಾಗಿ ಹೋಗುವ ಶಕ್ತಿ ನೂರು ಪಟ್ಟಾಗುತ್ತದೆ ಎನ್ನುವುದೂ ಇದೇ ನಿಯಮದ ಇನ್ನೊಂದು ಮುಖ.

ವೋಲ್ಟೇಜು ಏರಿಸುವ ಅವಕಾಶ ಎಂಜಿನಿಯರುಗಳಿಗಿತ್ತು. ರೈತನಿಗೆ ಅದಿಲ್ಲ. ಅವನ ಕೈಯಲ್ಲಿರುವುದು ರೋಧವೊಂದೇ, ಅಂದರೆ ಕೇಬಲ್ಲಿನ ದಪ್ಪ. ಸಾವಿರ ಅಡಿ ಆಳದಲ್ಲಿ 10 ಎಚ್‌ಪಿ ಮೋಟರ್ ಇಳಿಸಿದ್ದಾನೆ ಎಂದುಕೊಳ್ಳಿ. ಅದು ಸುಮಾರು 15 ಆಂಪಿಯರ್ ಎಳೆಯುತ್ತದೆ. 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಾದರೆ ಒಂದು ಎಳೆಯ ರೋಧ ಸುಮಾರು ಒಂದು ಓಮ್. ಎರಡು ಫೇಸುಗಳ ನಡುವೆ 26 ವೋಲ್ಟ್ ಕಡಿಮೆಯಾಗುತ್ತದೆ. ದುಡ್ಡು ಉಳಿಯುತ್ತದೆಂದು 2.5ರ ಕೇಬಲ್ ತಂದರೆ ಕಡಿಮೆಯಾಗುವುದು 60 ವೋಲ್ಟಿಗೂ ಹೆಚ್ಚು. ಮೇಲೆ ಸ್ಟಾರ್ಟರಿನಲ್ಲಿ 380 ಇದ್ದದ್ದು ಕೆಳಗೆ ಮೋಟರಿಗೆ ಮುಟ್ಟುವಾಗ 320ರ ಒಳಗೆ ಬಂದಿರುತ್ತದೆ.

ಇಲ್ಲಿ ಜಾಣ ಓದುಗರು ಒಂದು ಪ್ರಶ್ನೆ ಕೇಳಬಹುದು, ಕೇಳಲೇಬೇಕು ಕೂಡ. ವೋಲ್ಟೇಜು ಇಳಿದರೆ ಓಮ್ ನಿಯಮದ ಪ್ರಕಾರ ಕರೆಂಟೂ ಇಳಿಯಬೇಕಲ್ಲವೇ? ಹಳೆಯ ಬುರುಡೆ ಬಲ್ಬಿನಲ್ಲಿ ಹಾಗೇ ಆಗುತ್ತದೆ: ವೋಲ್ಟೇಜು ಕುಸಿದರೆ ಬಲ್ಬು ಮಂಕಾಗುತ್ತದೆ, ಸುಡುವುದಿಲ್ಲ. ಮೋಟರಿನದು ಬೇರೆ ಕಥೆ. ತಿರುಗುವ ಮೋಟರು ತನಗೆ ಬರುವ ವೋಲ್ಟೇಜಿಗೆ ಎದುರಾಗಿ ತಾನೇ ಒಂದು ವೋಲ್ಟೇಜನ್ನು ಹುಟ್ಟಿಸುತ್ತಿರುತ್ತದೆ. ಅದರ ಕರೆಂಟನ್ನು ಹಿಡಿತದಲ್ಲಿಡುವುದು ಬಹುಪಾಲು ಅದೇ. ಪಂಪಿನ ಮೇಲೆ ನೀರಿನ ಭಾರ ಹಾಗೇ ಇದ್ದು ವೋಲ್ಟೇಜು ಇಳಿದಾಗ, ಮೋಟರು ಸ್ವಲ್ಪ ನಿಧಾನವಾಗಿ, ಆ ಭಾರ ಹೊರಲು ಹೆಚ್ಚು ಕರೆಂಟು ಎಳೆದುಕೊಳ್ಳುತ್ತದೆ. ಹೆಚ್ಚು ಕರೆಂಟು ಹರಿದರೆ ಕೇಬಲ್ಲಿನಲ್ಲಿ ಇನ್ನೂ ಹೆಚ್ಚು ವೋಲ್ಟೇಜು ಹೋಗುತ್ತದೆ, ಕಾಯಿಲ್ ಇನ್ನೂ ಕಾಯುತ್ತದೆ. ಓಮ್ ನಿಯಮ ಸುಳ್ಳಾಗಲಿಲ್ಲ. ತಾಮ್ರದ ಸುತ್ತುಗಳಲ್ಲಿ ಶಾಖ ಹುಟ್ಟಿಸಿದ್ದೂ ಅದೇ.

ಜಾಯಿಂಟುಗಳ ಕಡೆ ಯಾರೂ ಅಷ್ಟಾಗಿ ನೋಡುವುದಿಲ್ಲ. ತುಕ್ಕು ಹಿಡಿದ, ಸಡಿಲವಾಗಿ ತಿರುಚಿದ ಒಂದು ಜಾಯಿಂಟಿನ ರೋಧ ಅರ್ಧ ಓಮ್ ಇದ್ದರೂ, 15 ಆಂಪಿಯರ್ ಹರಿಯುವಾಗ ಅಲ್ಲಿ 112 ವ್ಯಾಟ್ ಶಾಖ ಹುಟ್ಟುತ್ತದೆ. ಹೆಬ್ಬೆರಳಿನಷ್ಟು ಜಾಗದಲ್ಲಿ ಅಷ್ಟು ಶಾಖ ಸುತ್ತಿದ ಟೇಪನ್ನು ಕರಗಿಸಲು ಸಾಕು. ಸ್ಟಾರ್ಟರ್ ಡಬ್ಬಿಯಲ್ಲಿ ಕರ್ರಗಾದ ಕಾಂಟ್ಯಾಕ್ಟ್ ಕಂಡರೆ ಅದೂ ಇದರದೇ ಗುರುತು.

ತಪ್ಪು ಎಲ್ಲಿದೆಯೆಂದು ತಿಳಿಯಲು ಮೆಕ್ಯಾನಿಕ್ ಮೀಟರ್ ಹಿಡಿದು ಸ್ಟಾರ್ಟರಿನ ಬಳಿ ಎರಡು ಸಲ ಅಳೆಯಬೇಕು, ಮೋಟರು ನಿಂತಿರುವಾಗ ಒಮ್ಮೆ, ಓಡುವಾಗ ಒಮ್ಮೆ. ಕರೆಂಟು ಹರಿಯದಿದ್ದರೆ ನಷ್ಟವಿಲ್ಲ, ಆದ್ದರಿಂದ ನಿಂತಾಗ ಸಿಗುವ 400 ಒಂದನ್ನೇ ನಂಬುವಂತಿಲ್ಲ. ಮೋಟರು ಹಾಕಿದೊಡನೆ ಅದು 340ಕ್ಕೆ ಕುಸಿದರೆ ದೋಷ ಟಿಸಿಯಲ್ಲಿ ಅಥವಾ ಅಲ್ಲಿಂದ ಬರುವ ಲೈನಿನಲ್ಲಿ, ಲೈನ್‌ಮ್ಯಾನ್ ಕರೆಸಬೇಕು. ಓಡುವಾಗಲೂ 390 ನಿಂತು, ಕ್ಲಾಂಪ್ ಮೀಟರ್ ಮಾತ್ರ ಮೋಟರಿನ ಫಲಕದಲ್ಲಿ ಬರೆದದ್ದಕ್ಕಿಂತ ಹೆಚ್ಚು ಆಂಪಿಯರ್ ತೋರಿಸಿದರೆ ಲೈನಿನ ತಪ್ಪಲ್ಲ. ಕೊಳವೆಯೊಳಗೆ ಇಳಿದಿರುವ ಕೇಬಲ್ಲನ್ನೋ ಜಾಯಿಂಟನ್ನೋ ಮೋಟರನ್ನೋ ನೋಡಬೇಕು.